ಗಡಿ ಜಗಳದ ದಾವೆ ಸೋತೆವು, ಅಪೀಲಿನ ಜಡ್ಜ್ ಜಾಗ ನೋಡಲು ಬರುತ್ತಾರಾ?

ಪ್ರಶ್ನೆ: ಪಕ್ಕದ ಹೊಲದವರು ನಮ್ಮ ಜಮೀನಿನಲ್ಲಿ ಎಂಟು ಗುಂಟೆ ಒತ್ತುವರಿ ಮಾಡಿದ್ದಾರೆ. ತಾಲ್ಲೂಕಿನ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ನಾವು ಹಾಕಿದ ದಾವೆ ಕಳೆದ ವಾರ ವಜಾ ಆಯಿತು. ಒತ್ತುವರಿ ಸಾಬೀತಾಗಿಲ್ಲವಂತೆ. ಜಡ್ಜ್ ಒಂದು ಸಲ ಬಂದು ಬಾಂದು ಕಲ್ಲು ನೋಡಿದ್ದರೆ ಎಲ್ಲ ಗೊತ್ತಾಗುತ್ತಿತ್ತು. ಅಪೀಲು ಹಾಕಿದರೆ ಸಾಕ್ಷಿಗಳನ್ನು ಮತ್ತೆ ಕರೆಸುತ್ತಾರಾ? ಅಲ್ಲೂ ಆಗದಿದ್ದರೆ ಹೈಕೋರ್ಟ್ ಇದೆ ಅಲ್ವಾ?
- ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಜಾಸ್ತಿ ಜನ ಎಡವುವುದು ಅಲ್ಲೇ. ನಿಮ್ಮ ಅಪೀಲು ಸಾಮಾನ್ಯವಾಗಿ ಸೀನಿಯರ್ ಸಿವಿಲ್ ಜಡ್ಜ್ ಮುಂದೆ ಬರುತ್ತದೆ. ಅದಾದ ಮೇಲೆ ಹೈಕೋರ್ಟಿಗೆ ಎರಡನೇ ಅಪೀಲು ಹಾಕಬಹುದು, ನಿಮಗೆ ಧಾರವಾಡ ಪೀಠ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಂ ಪ್ರಕಾರ ಅಲ್ಲಿ ಕೇಳುವುದು ಕಾನೂನಿನ ಗಂಭೀರ ಪ್ರಶ್ನೆಯನ್ನು ಮಾತ್ರ. ಕಲ್ಲು ಎಲ್ಲಿತ್ತು, ಯಾರು ಉಳುತ್ತಿದ್ದರು ಎಂಬುದನ್ನು ಅಲ್ಲಿ ಮತ್ತೆ ತೂಗುವುದು ಬಹಳ ಅಪರೂಪ. ಹಾಗಾಗಿ ಸಂಗತಿಗಳ ಮಟ್ಟಿಗೆ ಈ ಮೊದಲ ಅಪೀಲೇ ನಿಮ್ಮ ಕೊನೆಯ ಅವಕಾಶ ಎಂದುಕೊಳ್ಳಿ. ಹಣ, ಸಮಯ, ಒಳ್ಳೆಯ ವಕೀಲರು ಎಲ್ಲವನ್ನೂ ಇಲ್ಲೇ ಹಾಕಿ.

ಇನ್ನು ಜಡ್ಜ್ ಯಾಕೆ ಬರಲಿಲ್ಲ? ಸ್ಥಳ ನೋಡುವ ಅಧಿಕಾರ ಅವರಿಗೆ ಇದೆ. ಸಾಕ್ಷಿಗೆ ತಾವೇ ಪ್ರಶ್ನೆ ಹಾಕುವ ಅಧಿಕಾರವೂ ಇದೆ. ಆದರೆ ಸಿವಿಲ್ ದಾವೆಯಲ್ಲಿ ಜಡ್ಜ್ ತನಿಖೆ ಮಾಡುವವರಲ್ಲ. ಎರಡೂ ಕಡೆಯವರ ಜಗಳ ಯಾವುದರ ಮೇಲೆ ಎಂದು ನೋಡಿ ವಿವಾದಾಂಶ ಬರೆಯುತ್ತಾರೆ. ಆಮೇಲೆ ಯಾರ ಪುರಾವೆ ಹೆಚ್ಚು ನಂಬುವಂತಿದೆ ಎಂದು ತೂಗುತ್ತಾರೆ. ಒತ್ತುವರಿ ಆಗಿದೆ ಎಂದವರು ನೀವು, ತೋರಿಸುವ ಹೊಣೆಯೂ ನಿಮ್ಮದೇ. ಪಹಣಿಯಲ್ಲಿ ಹೆಸರು, ವಿಸ್ತೀರ್ಣ ಇರುತ್ತದೆ. ಗಡಿ ನೆಲದ ಮೇಲೆ ಎಲ್ಲಿ ಬೀಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಅಳತೆಯೇ ಆಗಬೇಕು.

ಆದ್ದರಿಂದ ನಿಮ್ಮ ಫೈಲಿನಲ್ಲಿ ಮೊದಲು ಹುಡುಕಬೇಕಾದ್ದು ಇದು: ಸರ್ವೆಯರನ್ನು ಕೋರ್ಟ್ ಕಮಿಷನರ್ ಆಗಿ, ಅಂದರೆ ಕೋರ್ಟಿನ ಪರವಾಗಿ ಜಾಗ ಅಳೆದು ವರದಿ ಕೊಡುವವರಾಗಿ, ನೇಮಿಸಿ ಎಂದು ನಿಮ್ಮ ವಕೀಲರು ಅರ್ಜಿ ಹಾಕಿದ್ದರಾ? (ಅದೇ ಸಂಹಿತೆಯ ಆದೇಶ 26, ನಿಯಮ 9.) ಹಾಕಿ ಅದು ತಿರಸ್ಕಾರ ಆಗಿದ್ದರೆ ಅಪೀಲಿಗೆ ಅದೇ ಗಟ್ಟಿ ಆಧಾರ. ಹರಿಯಾಣ ವಕ್ಫ್ ಬೋರ್ಡಿನ ಗಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಕಮಿಷನರ್ ನೇಮಿಸಬೇಕಿತ್ತು ಎಂದೇ ಹೇಳಿದೆ. ಅರ್ಜಿಯನ್ನೇ ಹಾಕಿರದಿದ್ದರೆ ಅಪೀಲಿನಲ್ಲಿ ಹಾಕಿ. ನೇಮಿಸುವುದು ಬಿಡುವುದು ಜಡ್ಜ್ ವಿವೇಚನೆ, ಆದರೆ ಕೇಳದೆ ಸಿಗುವುದಿಲ್ಲ. ಹದ್ದುಬಸ್ತಿನ (ಸರ್ವೆಯರ್ ಅಳೆದು ಗಡಿ ಗುರುತಿಸಿದ) ನಕ್ಷೆಯಂಥ ಹೊಸ ಕಾಗದವನ್ನು ಅಪೀಲಿನಲ್ಲಿ ಕೊಡುವುದು ಇನ್ನೂ ಕಷ್ಟ. ಕೆಳಗಿನ ಕೋರ್ಟ್ ತಪ್ಪಾಗಿ ನಿರಾಕರಿಸಿರಬೇಕು, ಇಲ್ಲವೇ ಎಷ್ಟು ಪ್ರಯತ್ನಪಟ್ಟರೂ ಆಗ ನಿಮಗೆ ಸಿಕ್ಕಿರಬಾರದು, ಇಲ್ಲವೇ ತೀರ್ಪು ಕೊಡಲು ಅದು ಬೇಕೆಂದು ಜಡ್ಜಿಗೇ ಅನ್ನಿಸಬೇಕು. 'ಆಗ ಮರೆತಿದ್ದೆವು' ಎಂದರೆ ಸಾಲದು.

ಸಾಕ್ಷಿಗಳನ್ನು ಸಾಮಾನ್ಯವಾಗಿ ಮತ್ತೆ ಕರೆಸುವುದಿಲ್ಲ. ಹಾಗಂತ ಅಪೀಲಿನ ಜಡ್ಜ್ ಸುಮ್ನೆ ಸಹಿ ಹಾಕುವವರೂ ಅಲ್ಲ. ಹೇಳಿಕೆ, ಪಾಟೀ ಸವಾಲು, ದಾಖಲೆ ಎಲ್ಲವನ್ನೂ ತಾವೇ ಓದಿ, ಪ್ರತಿ ಅಂಶಕ್ಕೂ ತಮ್ಮದೇ ಕಾರಣ ಬರೆಯಬೇಕು. ಕೆಳಗಿನ ತೀರ್ಪನ್ನು ತಿರುಗಿಸುವುದಾದರೆ ಅದರ ಒಂದೊಂದು ಕಾರಣಕ್ಕೂ ಉತ್ತರ ಕೊಡಬೇಕು. 2001ರ ಸಂತೋಷ್ ಹಜಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ. ಸಾಕ್ಷಿಯನ್ನು ಕಣ್ಣಾರೆ ಕಂಡವರು ಕೆಳಗಿನ ಜಡ್ಜ್. ಹಾಗಾಗಿ ಬಾಯಿಮಾತಿನ ಸಾಕ್ಷ್ಯದಲ್ಲಿ ಅವರ ಅಭಿಪ್ರಾಯಕ್ಕೆ ತೂಕ ಜಾಸ್ತಿ. ನಿಮ್ಮ ಅಪೀಲು ದಾಖಲೆ ಮತ್ತು ಅಳತೆಯ ಮೇಲೆ ನಿಂತರೆ ಒಳ್ಳೆಯದು.

ಈ ಮೊದಲ ಅಪೀಲು ಹಾಕಲು ಇರುವುದು 30 ದಿನ. ತೀರ್ಪು, ಡಿಕ್ರಿಯ ನಕಲು ಪಡೆಯಲು ಹಿಡಿದ ದಿನಗಳು ಇದರಲ್ಲಿ ಸೇರುವುದಿಲ್ಲ, ಆದರೆ ನಕಲಿಗೆ ಅರ್ಜಿ ಇವತ್ತೇ ಹಾಕಿ. ಅಪೀಲಿನ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಯನ್ನೂ ಕೇಳಿ. ಅಪೀಲು ದಾಖಲಾದ ಮಾತ್ರಕ್ಕೆ ಪಕ್ಕದವರು ಆ ಎಂಟು ಗುಂಟೆಯಲ್ಲಿ ಬೋರ್‌ವೆಲ್ ತೆಗೆಸುವುದನ್ನು ಯಾರೂ ತಡೆಯುವುದಿಲ್ಲ.