11ಕ್ಕೆ ರೂಮ್ ಖಾಲಿ, ರಾತ್ರಿ 10ಕ್ಕೆ ವಿಮಾನ
ವಿದೇಶ ಪ್ರವಾಸದ ಕೊನೇ ದಿನ ಬೆಳಗ್ಗೆ 11ಕ್ಕೆ ರೂಮ್ ಬಿಟ್ಟು ರಾತ್ರಿ 10ರ ವಿಮಾನದ ತನಕ ಆ ಊರಲ್ಲಿ ಏನು ಮಾಡೋದು ಅಂತ ಕೇಳಿದ್ದೀರಿ. ನಿಮ್ಮನ್ನು ಕಟ್ಟಿಹಾಕಿರೋದು ಬಹುಶಃ ಲಗೇಜು. ಮೊದಲು ಅದನ್ನು ಕಳಚಿಕೊಳ್ಳಿ. ರೂಮ್ ಬಿಟ್ಟ ಮೇಲೂ ಹೆಚ್ಚಿನ ಹೋಟೆಲಿನವರು ಸಂಜೆವರೆಗೆ ಬ್ಯಾಗ್ ಇಟ್ಟುಕೊಳ್ಳುತ್ತಾರೆ, ಹಿಂದಿನ ರಾತ್ರಿಯೇ ಕೇಳಿಡಿ. ಬಾಡಿಗೆ ಫ್ಲ್ಯಾಟ್ ಆದರೆ ಅದು ಅನುಮಾನ. ಆಗ ದೊಡ್ಡ ರೈಲು ನಿಲ್ದಾಣದಲ್ಲಿ ಲಾಕರ್ ಇದೆಯಾ ನೋಡಿ. ಮುಚ್ಚುವ ವೇಳೆ ಓದಿಕೊಂಡೇ ಬೀಗ ಹಾಕಿ. ಪಾಸ್‌ಪೋರ್ಟ್, ಔಷಧಿ, ಚಾರ್ಜರ್ ಕೈಚೀಲದಲ್ಲೇ ಇರಲಿ.

ಆಮೇಲೆ ಬ್ಯಾಗ್ ಇಟ್ಟ ಕಡೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದೇ ಒಂದು ಜಾಗ ಆರಿಸಿಕೊಳ್ಳಿ. ನಾನೊಮ್ಮೆ ಕೊನೇ ದಿನ ಊರಾಚೆಯ ಕೋಟೆ ನೋಡೋಕೆ ಹೋಗಿ, ವಾಪಸ್ ಬಸ್ಸು ತಡವಾಗಿ, ಓಡಿಕೊಂಡು ವಿಮಾನ ಹತ್ತಿದ್ದೆ. ಮ್ಯೂಸಿಯಂ ಆದರೆ ವಾರದ ರಜೆ ಗಮನಿಸಿ, ಸೋಮವಾರ ಮುಚ್ಚಿರೋವೇ ಬಹಳ.

ಚಿಲ್ಲರೆ ನಾಣ್ಯ ಅಲ್ಲೇ ಖರ್ಚು ಮಾಡಿ. ಹಣ ಬದಲಾಯಿಸೋರು ಸಾಮಾನ್ಯವಾಗಿ ನೋಟು ಮಾತ್ರ ತಗೋತಾರೆ.

ಕೆಲವು ದೇಶಗಳಲ್ಲಿ ಪ್ರವಾಸಿಗರಿಗೆ ಸಿಗೋ ಖರೀದಿಯ ತೆರಿಗೆ ವಾಪಸ್ ಪಡೆಯೋದಿದ್ದರೆ ಆ ಸಾಮಾನು, ರಸೀದಿ ಎರಡೂ ಕೈಗೆ ಸಿಗೋ ಹಾಗಿಡಿ. ಬ್ಯಾಗ್ ಒಪ್ಪಿಸುವ ಮೊದಲೇ ಕಸ್ಟಮ್ಸ್‌ನವರು ತೋರಿಸಿ ಅನ್ನಬಹುದು. ಹಾಗಿದ್ದರೆ 6ಕ್ಕೆ, ಇಲ್ಲದಿದ್ದರೆ 7ಕ್ಕೆ ವಿಮಾನ ನಿಲ್ದಾಣದಲ್ಲಿರಿ.