ಹೊರದೇಶದ ಒಂದು ಮಾಮೂಲಿ ದಿನ

ಆತ್ಮೀಯರೇ,

ಹೊರದೇಶಕ್ಕೆ ಬಂದು ಎರಡು ತಿಂಗಳಾದರೂ ರಜೆಯ ದಿನವೆಲ್ಲ ಸಣ್ಣಪುಟ್ಟ ಓಡಾಟದಲ್ಲೇ ಮುಗಿಯುತ್ತದೆ, ಸಂಜೆಯಾದರೆ ಬೇಸರ ಕವಿಯುತ್ತದೆ, ಇಲ್ಲಿ ನೆಲೆ ನಿಂತವರ ದಿನ ಹೇಗಿರುತ್ತದೆ ಎಂದು ಕೇಳಿದ್ದೀರಿ. ನಾನು ಬಂದು ಹದಿನಾಲ್ಕು ವರ್ಷಗಳಾದವು. ನನ್ನ ರಜೆಯ ದಿನವೂ ಅಂಚೆ ಕಚೇರಿ, ಬ್ಯಾಂಕು, ಔಷಧದ ಅಂಗಡಿ, ಮನೆಗೆ ಬೇಕಾದ ಸಾಮಾನು, ಸಂಜೆಯ ಟಿವಿ, ಇಷ್ಟರಲ್ಲೇ ಮುಗಿಯುತ್ತದೆ. ಮೊದಲು ಇವಕ್ಕೆ ಹೆದರುತ್ತಿದ್ದೆ, ಈಗ ಹೆದರುವುದಿಲ್ಲ, ವ್ಯತ್ಯಾಸ ಅಷ್ಟೇ.

ಮೊದಲ ವರ್ಷ ಒಂದೊಂದು ಕೆಲಸಕ್ಕೂ ಎರಡೆರಡು ಸಲ ಅಲೆಯುವುದು ಇದ್ದದ್ದೇ: ಯಾವ ಕಾಗದ ಬೇಕೆಂದು ತಿಳಿಯಲು ಒಮ್ಮೆ, ಅದನ್ನು ಕೊಡಲು ಇನ್ನೊಮ್ಮೆ. ಬ್ಯಾಂಕಿನವರು ವಿಳಾಸದ ಪುರಾವೆ ಕೇಳಿದರೆ, ಮನೆ ಬಾಡಿಗೆಗೆ ಕೊಡುವವರು ಬ್ಯಾಂಕ್ ಖಾತೆ ಕೇಳುತ್ತಾರೆ. ಜನನ ಮತ್ತು ವಿವಾಹ ಪ್ರಮಾಣಪತ್ರಗಳ ವಿಷಯದಲ್ಲಿ ಮಾತ್ರ ಮೊದಲೇ ಎಚ್ಚರ ವಹಿಸಿ: 1961ರ ಹೇಗ್ ಒಪ್ಪಂದವನ್ನು ಒಪ್ಪಿದ ದೇಶಗಳ ನಡುವೆ ಅಪೊಸ್ಟಿಲ್ ಎಂಬ ಒಂದೇ ದೃಢೀಕರಣ ಸಾಕಾಗುತ್ತದೆಯಾದರೂ, ಅದನ್ನು ಪತ್ರ ಕೊಟ್ಟ ದೇಶದಲ್ಲಿಯೇ ಮಾಡಿಸಬೇಕಾಗುವುದರಿಂದ, ಇಲ್ಲಿ ಕೌಂಟರಿನ ಮುಂದೆ ನಿಂತ ಮೇಲೆ ಏನೂ ಮಾಡಲಾಗುವುದಿಲ್ಲ.

ನನಗೆ ನಾಚಿಕೆಯಾದದ್ದು ಔಷಧದ ಅಂಗಡಿಯಲ್ಲಿ. ಜ್ವರದ ಮಾತ್ರೆಯನ್ನು ನಾನು ಹುಟ್ಟಿನಿಂದ ಕೇಳಿದ್ದ ಬ್ರ್ಯಾಂಡಿನ ಹೆಸರಿನಿಂದಲೇ ಕೇಳಿದೆ, ಅಂಗಡಿಯಾಕೆಗೆ ಅರ್ಥವಾಗಲಿಲ್ಲ, ನಾನು ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದೆ. ಮರುದಿನ ಖಾಲಿ ಸ್ಟ್ರಿಪ್ ಒಯ್ದು ಕೊಟ್ಟಾಗ, ಆಕೆ ದೊಡ್ಡ ಅಕ್ಷರಗಳನ್ನು ನೋಡಲೇ ಇಲ್ಲ. ಬೆಳಕಿಗೆ ಓರೆಯಾಗಿ ಹಿಡಿದು, ಹಾಳೆಯ ಸುಕ್ಕನ್ನು ಉಗುರಿನಿಂದ ನೇವರಿಸಿ, ಕೆಳಗಿದ್ದ ಸಣ್ಣಕ್ಷರದ ಸಾಲನ್ನು ಓದಿ, ಹಿಂದೆಯೇ ಇದ್ದ ಡಬ್ಬಿಯನ್ನು ತೆಗೆದುಕೊಟ್ಟಳು. ಔಷಧಗಳಿಗೆ ಅಂತರರಾಷ್ಟ್ರೀಯ ಹೆಸರುಗಳ ಮೊದಲ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1953ರಲ್ಲಿಯೇ ಹೊರತಂದಿತು. ಆ ಸಣ್ಣಕ್ಷರಗಳಲ್ಲಿ ಇರುವುದು ಸಾಮಾನ್ಯವಾಗಿ ಅದೇ ಹೆಸರು. ಅದಕ್ಕೂ ಅಪವಾದವುಂಟು: ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸೆಟಾಮಿನೋಫೆನ್ ಆಗುತ್ತದೆ. ಮನೆಯವರು ನಿತ್ಯ ನುಂಗುವ ಮಾತ್ರೆಗಳ ಸಣ್ಣಕ್ಷರದ ಹೆಸರು ಮತ್ತು ಮಿಲಿಗ್ರಾಂ ಪ್ರಮಾಣವನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ.

ಇನ್ನು ಸಂಜೆಯ ಮಾತು. ನಾನೂ ಎರಡು ವರ್ಷ ಮನೆ ಹೊಕ್ಕೊಡನೆ ಊರಿನ ಧಾರಾವಾಹಿ ಹಾಕಿಕೊಂಡು ಕೂರುತ್ತಿದ್ದೆ. ಪ್ರಸಾರದ ಹಕ್ಕುಗಳನ್ನು ದೇಶವಾರು ಮಾರುವುದರಿಂದ ಎಷ್ಟೋ ಕಾರ್ಯಕ್ರಮಗಳು ಇಲ್ಲಿ ತೆರೆಯುವುದೇ ಇಲ್ಲ ಎಂಬುದು ಆಗ ದೊಡ್ಡ ದುಃಖವಾಗಿತ್ತು. ಒಂದು ದಿನ ಹಾಗೆ ಏನೂ ತೆರೆಯದೆ, ಬೇರೆ ದಾರಿಯಿಲ್ಲದೆ ಇಲ್ಲಿಯ ವಾರ್ತೆ ಹಾಕಿದೆ. ವಾರ್ತೆ ತಲೆಗೆ ಹತ್ತಲಿಲ್ಲ, ಹವಾಮಾನ ವರದಿ ಹತ್ತಿತು: ದಿನವೂ ಅದೇ ನಕ್ಷೆ, ಅದೇ ಹತ್ತಿಪ್ಪತ್ತು ಪದಗಳು, ಪದ ತಿಳಿಯದಿದ್ದರೆ ಕೈ ತೋರಿಸಿದ ಕಡೆ ಮೋಡದ ಚಿತ್ರ. ಎರಡು ವಾರದ ನಂತರ ಅಂಚೆ ಕಚೇರಿಯ ಸಾಲಿನಲ್ಲಿ ಮುಂದಿದ್ದ ಅಜ್ಜಿ ಗೊಣಗಿದ್ದು ಮಧ್ಯಾಹ್ನದ ಗಾಳಿಯ ಬಗ್ಗೆ ಎಂದು ನನಗೆ ತಿಳಿಯಿತು. ಹೌದು, ರಾತ್ರಿ ಇನ್ನೂ ಹೆಚ್ಚಂತೆ ಎಂದೆ. ಆಕೆ ತಿರುಗಿ ನಿಂತು, ತನ್ನ ಸರದಿ ಬರುವವರೆಗೂ ಮಾತಾಡಿದಳು; ಅದರಲ್ಲಿ ಅರ್ಧ ಅರ್ಥವಾಯಿತೆಂದರೆ ಹೆಚ್ಚು.

ಊರಿನ ಕಾರ್ಯಕ್ರಮ ಬಿಡಿ ಎನ್ನುತ್ತಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಮೊದಲ ಅರ್ಧ ಗಂಟೆ ಇಲ್ಲಿಯದಕ್ಕೆ ಕೊಡಿ, ರಿಮೋಟಿನಲ್ಲಿ ಸಬ್‌ಟೈಟಲ್ ಗುಂಡಿ ಒತ್ತಿ. ಇಂಗ್ಲಿಷಿನದಲ್ಲ, ಅವರು ಆಡುತ್ತಿರುವ ಭಾಷೆಯದ್ದೇ ಹಾಕಿಕೊಳ್ಳಿ. ಕಿವಿ ಕೆಲಸವಿಲ್ಲದೆ ಕೂತರೆ ಭಾಷೆ ಬರುವುದಿಲ್ಲ. ನಾಳೆ ಇಲ್ಲಿ ಬೆಳಗ್ಗೆ ಮಳೆಯಂತೆ, ಹಾಗಾಗಿ ಬ್ಯಾಂಕಿನ ಕೆಲಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೇನೆ.