ಟೊಮೆಟೊ ಸುತ್ತ ಚೆಂಡುಹೂ ಹಾಕಿದರೂ ಕಾಯಿಕೊರಕ ಹುಳು ಏಕೆ ಕಡಿಮೆಯಾಗಲಿಲ್ಲ?

ನೀವು ಬರೆದಿರುವ ವಿವರದಲ್ಲೇ ಕಾರಣಗಳು ಕಾಣುತ್ತಿವೆ. ಒಂದು ಎಕರೆ ಟೊಮೆಟೊಗೆ ಬದುವಿನ ಸುತ್ತ ಮಾತ್ರ ಚೆಂಡುಹೂ ಹಾಕಿದ್ದೀರಿ. ಎರಡರ ಸಸಿಯನ್ನೂ ನರ್ಸರಿಯಿಂದ ಒಟ್ಟಿಗೇ ತಂದಿದ್ದೀರಿ, ಅಂದರೆ ಎರಡಕ್ಕೂ ಒಂದೇ ವಯಸ್ಸು. ದಸರಾಕ್ಕೆ ಹೂವನ್ನೆಲ್ಲ ಒಂದೇ ದಿನ ಕೊಯ್ದಿದ್ದೀರಿ. ಆಮೇಲೆ ಹುಳು ಹೆಚ್ಚಾಗಿ ವಾರಕ್ಕೆರಡು ಸಲ ಔಷಧಿ ಹೊಡೆದಿದ್ದೀರಿ. ಚೆಂಡುಹೂವಿನ ವಿಧಾನ ಸುಳ್ಳಲ್ಲ, ಅದರ ಲೆಕ್ಕ ತಪ್ಪಿದೆ ಅಷ್ಟೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಚೆಂಡುಹೂವಿನ ವಾಸನೆಗೆ ಕಾಯಿಕೊರಕ ಓಡಿಹೋಗುವುದಿಲ್ಲ, ಹುಡುಕಿಕೊಂಡು ಬರುತ್ತದೆ. ಹೆಣ್ಣು ಪತಂಗಕ್ಕೆ ಟೊಮೆಟೊಗಿಂತ ಅರಳಿದ ಚೆಂಡುಹೂ ಗಿಡದ ಮೇಲೆ ಮೊಟ್ಟೆಯಿಡುವುದು ಇಷ್ಟ. ಹಾಗಾಗಿ ಇದು ಬೇಲಿಯಲ್ಲ, ಬಲೆ. ಟೊಮೆಟೊ ಮೊದಲ ಹೂ ಬಿಡುವ ಹೊತ್ತಿಗೆ ಬಲೆ ತೆರೆದಿರಬೇಕು, ಬಿದ್ದ ಹುಳುವನ್ನು ನಾವೇ ತೆಗೆಯಬೇಕು. ತೆಗೆಯದಿದ್ದರೆ ಹೊಲದೊಳಗೇ ಹುಳು ಸಾಕಿದಂತಾಗುತ್ತದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಲ್ಲೇ ಇದರ ಅಳತೆ ಕೊಟ್ಟಿದ್ದಾರೆ: 16 ಸಾಲು ಟೊಮೆಟೊಗೆ 1 ಸಾಲು ಎತ್ತರದ ಆಫ್ರಿಕನ್ ಚೆಂಡುಹೂ. ನಾಟಿ ಒಂದೇ ದಿನ, ಆದರೆ ಟೊಮೆಟೊ ಸಸಿಗೆ 25 ದಿನ, ಚೆಂಡುಹೂ ಸಸಿಗೆ 40ರಿಂದ 45 ದಿನ ಆಗಿರಬೇಕು. ಇಡೀ ವಿಧಾನದ ಜೀವ ಇರುವುದು ಈ ವಯಸ್ಸಿನ ಅಂತರದಲ್ಲಿ. ಟೊಮೆಟೊ ನಾಟಿಯಾದ ಮೂರು, ನಾಲ್ಕು ವಾರಕ್ಕೆ ಹೂ ಕಟ್ಟುತ್ತದೆ. 45 ದಿನದ ಚೆಂಡುಹೂ ಸಸಿಗೆ ಆಗ 65 ದಿನ ದಾಟಿ, ಅದೂ ಮೊಗ್ಗು ಬಿರಿಯುತ್ತಿರುತ್ತದೆ. ಎರಡಕ್ಕೂ ಒಂದೇ ವಯಸ್ಸಾದರೆ ಟೊಮೆಟೊ ಮೊದಲು ಹೂ ಬಿಟ್ಟು, ಪತಂಗ ನೇರವಾಗಿ ಅಲ್ಲಿಗೇ ಹೋಗುತ್ತದೆ.

ಒಂದು ಎಕರೆಗೆ ಲೆಕ್ಕ ಹೀಗೆ. ಚೌಕ ಹೊಲವಾದರೆ ಒಂದು ಬದಿ ಸುಮಾರು 64 ಮೀಟರ್. ನಾಲ್ಕು ಅಡಿಗೊಂದು ಸಾಲಿನಂತೆ 53 ಸಾಲು ಬರುತ್ತದೆ, ಅದರಲ್ಲಿ ಎರಡೂ ಅಂಚಿನ ಸಾಲು ಸೇರಿ ನಾಲ್ಕು ಸಾಲು ಚೆಂಡುಹೂವಿಗೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟರೆ ಸಾಲಿಗೆ 140, ಒಟ್ಟು 560 ಸಸಿ. ಸತ್ತುಹೋಗುವುದಕ್ಕೂ ಸೇರಿಸಿ 700 ಸಸಿ ಸಿದ್ಧವಿರಲಿ. ಟೊಮೆಟೊ ಬೀಜ ಹಾಕುವುದಕ್ಕೆ 20 ದಿನ ಮೊದಲೇ ಚೆಂಡುಹೂ ಬೀಜ ಹಾಕಿ. 98 ಗುಳಿಯ ಪ್ರೊಟ್ರೇಯಲ್ಲಿ (ಸಸಿ ಬೆಳೆಸುವ ಟ್ರೇ) ಅಷ್ಟು ದಿನ ಇಟ್ಟರೆ ಬೇರು ಸುತ್ತಿಕೊಂಡು ಸಸಿ ಸೊರಗುತ್ತದೆ. 50 ಗುಳಿಯ ಟ್ರೇ ಅಥವಾ ನೆಲದ ಮಡಿ ಒಳ್ಳೆಯದು. ನರ್ಸರಿಯವರು ಸಾಮಾನ್ಯವಾಗಿ ಎಳೆ ಸಸಿಯನ್ನೇ ಕೊಡುವುದರಿಂದ ಮುಂಗಡವಾಗಿ ವಯಸ್ಸು ಹೇಳಿ ಮಾತಾಡಿಕೊಳ್ಳಿ. ಹೂವಿಗಾಗಿ ಬೆಳೆಯುವವರು ಕವಲೊಡೆಯಲೆಂದು ತುದಿ ಚಿವುಟುತ್ತಾರೆ. ಇಲ್ಲಿ ಚಿವುಟಬೇಡಿ, ಹೂ ತಡವಾಗುತ್ತದೆ. ಗಿಡ್ಡ ಜಾತಿಯ ಚೆಂಡುಹೂವೂ ಬೇಡ, ಕೋಲು ಕಟ್ಟಿದ ಟೊಮೆಟೊದ ನೆರಳಲ್ಲಿ ಅದು ಮುಚ್ಚಿಹೋಗುತ್ತದೆ.

ನಾಟಿಯಾದ ನಂತರ ಮೂರು ದಿನಕ್ಕೊಮ್ಮೆ ಚೆಂಡುಹೂ ಸಾಲಿನಲ್ಲಿ ನಡೆದು ನೋಡುವುದು ನನ್ನ ಪ್ರಕಾರ ಯಾವ ಔಷಧಿಗಿಂತಲೂ ದೊಡ್ಡ ಕೆಲಸ. ಮೊಟ್ಟೆ ಒಂದೊಂದಾಗಿ, ಕೆನೆಬಣ್ಣದಲ್ಲಿ, ಗುಂಡಗೆ ಇರುತ್ತದೆ. ಮೂರರಿಂದ ಐದು ದಿನಕ್ಕೆ ಒಡೆಯುತ್ತದೆ. ತೂತಾದ ಮೊಗ್ಗು, ಹೂವಿನೊಳಗಿನ ಹುಳುವನ್ನು ಕಿತ್ತು ಸೋಪಿನ ನೀರಿನ ಬಕೆಟ್ಟಿಗೆ ಹಾಕಿ. ಹಬ್ಬಕ್ಕೆ ಹೂ ಮಾರುವುದು ತಪ್ಪಲ್ಲ, ಆದರೆ ಒಂದು ಸಲಕ್ಕೆ ಅರ್ಧ ಗಿಡಗಳದ್ದು ಮಾತ್ರ ಕೊಯ್ಯಿರಿ. ಎಲ್ಲ ಬೋಳಿಸಿದ ರಾತ್ರಿ ಪತಂಗಕ್ಕೆ ಉಳಿಯುವುದು ನಿಮ್ಮ ಟೊಮೆಟೊ ಮಾತ್ರ.

ಬಲೆ ತಪ್ಪಿಸಿಕೊಂಡು ಟೊಮೆಟೊಗೆ ಹೋದ ಮರಿಹುಳುಗಳಿಗೆ ಎನ್‌ಪಿವಿ ಎಂಬ ನಂಜಾಣು ದ್ರಾವಣವಿದೆ. ಕಾಯಿಕೊರಕಕ್ಕೆಂದೇ ಇರುವ ಎಚ್‌ಎಎನ್‌ಪಿವಿ ಎಂದು ಕೇಳಿ ತನ್ನಿ, ಎಲೆ ತಿನ್ನುವ ಬೇರೆ ಹುಳುವಿನದ್ದು ಇದಕ್ಕೆ ಆಗದು. ಪ್ರಮಾಣ ಹೆಕ್ಟೇರಿಗೆ 250 ಎಲ್‌ಇ (ಎಷ್ಟು ಹುಳುಗಳಿಂದ ತೆಗೆದ ನಂಜಾಣು ಎಂಬ ಅಳತೆ), ಅಂದರೆ ಎಕರೆಗೆ 100 ಎಲ್‌ಇ. 200 ಲೀಟರ್ ನೀರಿಗೆ ಅದನ್ನೂ 2 ಕೆಜಿ ಬೆಲ್ಲವನ್ನೂ ಕಲಸಿ, ನಾಟಿಯಾದ 28, 35 ಮತ್ತು 42ನೇ ದಿನ ಹೊಡೆಯಿರಿ. ಬಿಸಿಲಿಗೆ ನಂಜಾಣು ಸಾಯುವುದರಿಂದ ಸಂಜೆಯೇ ಹೊಡೆಯಬೇಕು. ಹುಳು ಇದನ್ನು ತಿಂದರೆ ಮಾತ್ರ ಸಾಯುತ್ತದೆ, ಅದಕ್ಕೂ ನಾಲ್ಕರಿಂದ ಏಳು ದಿನ ಬೇಕು. ಮರುದಿನ ಹುಳು ಓಡಾಡುವುದನ್ನು ಕಂಡು ಗಾಬರಿಯಾಗಿ ಬೇರೆ ಔಷಧಿ ಹೊಡೆಯಬೇಡಿ. ಗಿಡದ ತುದಿಯಲ್ಲಿ ತಲೆಕೆಳಗಾಗಿ ಜೋತುಬಿದ್ದ ಹುಳು ಕಂಡರೆ ಕೆಲಸ ನಡೆದಿದೆ ಎಂದರ್ಥ. ಕಾಯಿಯೊಳಗೆ ಹೊಕ್ಕ ದೊಡ್ಡ ಹುಳುವಿಗೆ ಇದು ನಾಟುವುದಿಲ್ಲ.

ನಡುವೆ ಶೇ. 4ರ ಬೇವಿನ ಬೀಜದ ತಿರುಳಿನ ಕಷಾಯ ಹೊಡೆಯಬಹುದು: ಲೀಟರಿಗೆ 40 ಗ್ರಾಂ ತಿರುಳಿನ ಪುಡಿ, ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪು ಸೇರಿಸಿ ಅದೇ ದಿನ ಮುಗಿಸಬೇಕು. ಅದು ಟೊಮೆಟೊ ಸಾಲಿಗೆ ಮಾತ್ರ. ಬೇವು ಬಿದ್ದ ಗಿಡದಲ್ಲಿ ಮೊಟ್ಟೆಯಿಡಲು ಪತಂಗ ಹಿಂಜರಿಯುತ್ತದೆ. ಚೆಂಡುಹೂವಿಗೂ ಹೊಡೆದರೆ ಬಲೆಯನ್ನು ನಾವೇ ಮುಚ್ಚಿದ ಹಾಗೆ.

ವಾರಕ್ಕೆರಡು ಸಲದ ರಾಸಾಯನಿಕ ಸಿಂಪರಣೆಯನ್ನು ದಯವಿಟ್ಟು ಬಿಡಿ. ಈ ಹುಳು ಔಷಧಿಗೆ ಒಗ್ಗಿಕೊಳ್ಳುವುದರಲ್ಲಿ ಹೆಸರುವಾಸಿ. 1987ರಲ್ಲಿ ಆಂಧ್ರದ ಹತ್ತಿ ಹೊಲಗಳಲ್ಲಿ ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕಗಳು ಇದರ ಮುಂದೆ ಸೋತು ರೈತರು ಬಹಳ ನೊಂದರು. ಜೊತೆಗೆ ಮಿತ್ರಕೀಟಗಳೂ ಸಾಯುತ್ತವೆ, ಕೊಯ್ಲಿನ ಕಾಯಿಯಲ್ಲಿ ವಿಷದ ಶೇಷ ಉಳಿಯುತ್ತದೆ.

ಮುಂದಿನ ಬೆಳೆಗೆ ಮೊದಲು ಹುಳು ಯಾವುದೆಂದೂ ಖಚಿತ ಮಾಡಿಕೊಳ್ಳಿ. ಕಾಯಿಯಲ್ಲಿ ದೊಡ್ಡ ದುಂಡು ತೂತು, ಹುಳುವಿನ ಅರ್ಧ ಮೈ ಹೊರಗೆ ಇದ್ದರೆ ಕಾಯಿಕೊರಕ. ಎಲೆಯ ಮೇಲೆ ಹಪ್ಪಳದಂತೆ ಒಣಗಿದ ಅಗಲ ಮಚ್ಚೆ, ಕಾಯಿಯ ತೊಟ್ಟಿನ ಬಳಿ ಸೂಜಿಮೊನೆಯಷ್ಟು ತೂತು ಇದ್ದರೆ ಅದು 2014ರಲ್ಲಿ ಭಾರತಕ್ಕೆ ಬಂದ ಟ್ಯೂಟಾ ಎಂಬ ಸಣ್ಣ ಪತಂಗದ ಹುಳು. ಅದು ಚೆಂಡುಹೂವಿನ ಬಲೆಗೆ ಬೀಳುವುದಿಲ್ಲ, ಹೆಣ್ಣಿನ ವಾಸನೆ ತೋರಿಸಿ ಗಂಡು ಪತಂಗವನ್ನು ಹಿಡಿಯುವ ಅದರದ್ದೇ ಲಿಂಗಾಕರ್ಷಕ ಬಲೆ ಬೇಕು. ಎಲೆ ಮುದುಡು ರೋಗಕ್ಕೂ ಚೆಂಡುಹೂವಿಗೂ ಸಂಬಂಧವಿಲ್ಲ. ಅದಕ್ಕೆ ಅರ್ಕಾ ರಕ್ಷಕ್‌ನಂಥ ನಿರೋಧಕ ತಳಿ, ನೈಲಾನ್ ಪರದೆಯೊಳಗೆ ಬೆಳೆಸಿದ ಸಸಿ ಇರಬೇಕು. ಚೆಂಡುಹೂವಿನ ಬೇರು ಮಣ್ಣಿನಲ್ಲಿರುವ ಜಂತುಹುಳು (ನೆಮಟೋಡ್) ತಗ್ಗಿಸುತ್ತದೆ ಎನ್ನುವುದು ನಿಜ, ಆದರೆ ನಾಲ್ಕು ಸಾಲಿನಿಂದ ಇಡೀ ಎಕರೆಗೆ ಆ ಲಾಭ ಸಿಗದು. ಅದಕ್ಕೆ ಹೊಲದ ತುಂಬ ಒಂದು ಬೆಳೆ ಚೆಂಡುಹೂವನ್ನೇ ಬೆಳೆಯಬೇಕು.

ಈಗ ನಿಂತಿರುವ ಬೆಳೆಗೆ ಹೊಸದಾಗಿ ಚೆಂಡುಹೂ ನೆಟ್ಟು ಫಲವಿಲ್ಲ. ತೂತುಬಿದ್ದ ಕಾಯಿಗಳನ್ನು ಪ್ರತಿ ಕೊಯ್ಲಿನಲ್ಲೂ ಬೇರೆ ಮಾಡಿ ಒಂದೂವರೆ ಅಡಿ ಗುಂಡಿಯಲ್ಲಿ ಹೂಳಿ, ಬದುವಿನ ಮೇಲೆ ಎಸೆಯಬೇಡಿ. ಮೇಲಿನ ಗೊಂಚಲುಗಳಲ್ಲಿ ಸಣ್ಣ ಹುಳು ಕಂಡ ಸಂಜೆಯೇ ಎನ್‌ಪಿವಿ ಹೊಡೆಯಿರಿ.